ಹೆಗಲು ಖಾಲಿಯಿಲ್ಲದ ಊರು

ಬತ್ತಿದ ಹೊಳೆಯ ಈಚೆ ದಡದಲ್ಲಿ ಒಂದು ಊರು. ಆ ಊರಿನವರಿಗೆಲ್ಲ ಬೆನ್ನು ಬಾಗಿತ್ತು. ಅದು ಯಾರಿಗೂ ತಿಳಿದಿರಲಿಲ್ಲ, ಯಾಕೆಂದರೆ ಅಲ್ಲಿ ಯಾರೂ ಮನುಷ್ಯರನ್ನು ನೋಡುತ್ತಿರಲಿಲ್ಲ, ಬಿಂಬಗಳನ್ನು ನೋಡುತ್ತಿದ್ದರು.

ಊರಿಗಿದ್ದ ಕಟ್ಟಳೆ ಒಂದೇ. ಹದಿನಾರು ತುಂಬಿದ ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಕರಿಗಲ್ಲಿನ ಬಿಂಬವೊಂದು ನಿಂತಿರುತ್ತಿತ್ತು. ಗೇಣುದ್ದದ್ದು. ಮುಖ ತಮ್ಮದೇ, ಆದರೆ ತಮಗಿಂತ ಚೆಂದ. ಮೈಕಟ್ಟು ತಮ್ಮದೇ, ಆದರೆ ನೆಟ್ಟಗೆ. ಯಾರು ತಂದಿಟ್ಟರೆಂದು ಯಾರೂ ಕೇಳುತ್ತಿರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಗಂಟೆ ಬಾರಿಸಿದಾಗ ಅದನ್ನು ಬೆನ್ನಿಗೆ ಕಟ್ಟಿಕೊಂಡು ಚೌಕಕ್ಕೆ ಹೊರಬೇಕು, ಕಟ್ಟೆಯ ಮೇಲೆ ನಿಲ್ಲಿಸಬೇಕು, ಅದರ ಹಿಂದೆ ತಾನು ಕೂರಬೇಕು. ಬಂದವರು ಬಿಂಬಕ್ಕೆ ಕೈಮುಗಿಯುತ್ತಿದ್ದರು, ಬಿಂಬದೊಡನೆ ಮಾತಾಡುತ್ತಿದ್ದರು. ಸಂಜೆ ಮತ್ತೆ ಹೊತ್ತು ಮನೆಗೆ. ಮನೆಯಲ್ಲಿ ಅದನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಗಾಳಿ ಬರುವ ಕಡೆ ನಿಲ್ಲಿಸಿ, ಆಮೇಲೆ ಒಲೆ ಹಚ್ಚುವುದು.

ಒಂದು ಹೊಗಳಿಕೆ ಬಿದ್ದರೆ ಬಿಂಬ ಒಂದು ಕಾಳಿನಷ್ಟು ಬೆಳೆಯುತ್ತಿತ್ತು. ಕಾಳಿನಷ್ಟು ಭಾರ ಯಾರಿಗೆ ತಿಳಿಯುತ್ತದೆ? ಬಿಂಬ ಬೆಳೆಯುತ್ತಿತ್ತು, ಬೆನ್ನು ಬಾಗುತ್ತಿತ್ತು. ಬಿಂಬ ಬೆಳೆಯುತ್ತಿತ್ತು, ಬೆನ್ನು ಇನ್ನಷ್ಟು ಬಾಗುತ್ತಿತ್ತು. ಬಿಂಬವಿಲ್ಲದೆ ಹೊರಬಿದ್ದವರಿಗೆ ಶಿಕ್ಷೆಯೇನೂ ಇರಲಿಲ್ಲ. ಅವರು ಕಾಣುತ್ತಿರಲಿಲ್ಲ, ಅಷ್ಟೇ.

ಊರಾಚೆ ಮಣ್ಣಿನ ಗೋಡೆಯ ಒಂದು ಪ್ರಾರ್ಥನಾಮನೆ ಇತ್ತು. ಕ್ರಿಸ್ತನ ಹೆಸರು ಹೇಳುವವರು ವಾರಕ್ಕೊಮ್ಮೆ ಅಲ್ಲಿ ಸೇರುತ್ತಿದ್ದರು. ಅವರೂ ಬಿಂಬಗಳನ್ನು ಹೊತ್ತೇ ಬರುತ್ತಿದ್ದರು. ಹೊರಗೆ ಬಿಟ್ಟು ಬರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬೆಂಚುಗಳ ಮೇಲೆ ಬಿಂಬಗಳು ಸಾಲಾಗಿ ಕೂರುತ್ತಿದ್ದವು; ಜನ ಹಿಂದೆ ನೆಲದ ಮೇಲೆ. ಬೋಧಕನ ಬಿಂಬ ಎಲ್ಲಕ್ಕಿಂತ ದೊಡ್ಡದು. ಅದನ್ನು ಮೇಜಿನ ಮುಂದೆ ನಿಲ್ಲಿಸಿ ಅದರ ಹಿಂದಿನಿಂದ ಅವನು ಉಪದೇಶ ಮಾಡುತ್ತಿದ್ದ. ಇಪ್ಪತ್ತು ವರ್ಷಗಳಿಂದ ಅವನ ಮುಖ ಕಂಡವರಿರಲಿಲ್ಲ. ಕ್ರಿಸ್ತನ ನೆನಪಿಗೆ ರೊಟ್ಟಿ ಮುರಿಯುವ ದಿನ ಅವನು ಸಾಲಿನುದ್ದಕ್ಕೂ ಬಂದು ಒಂದೊಂದು ಬಿಂಬದ ತುಟಿಗೂ ತುಂಡು ಮುಟ್ಟಿಸುತ್ತಿದ್ದ. ಕೆಳಗೆ ಬಿದ್ದ ಚೂರನ್ನು ಹಿಂದೆ ಕೂತವರು ಆರಿಸಿ ತಿನ್ನುತ್ತಿದ್ದರು.

ಆ ಸಭೆಯಲ್ಲಿ ಚಾಪೆ ಹೆಣೆಯುವವಳೊಬ್ಬಳಿದ್ದಳು. ಐವತ್ತು ದಾಟಿತ್ತು. ಅವಳ ಹೆಸರು ಎಸ್ತೇರಿ. ಆದರೆ ಹಾಗೆ ಕರೆಯುತ್ತಿದ್ದವಳು ಅವಳ ಅಕ್ಕ ಒಬ್ಬಳೇ. ಅಕ್ಕನಿಗೆ ಸೊಂಟದ ಕೆಳಗೆ ಸ್ವಾಧೀನ ಹೋಗಿ ಏಳು ವರ್ಷವಾಗಿತ್ತು. ಒಳಕೋಣೆಯ ಚಾಪೆಯ ಮೇಲೆ ಮಲಗಿರುತ್ತಿದ್ದಳು.

ಎಸ್ತೇರಿಯ ಬಿಂಬಕ್ಕೆ ಒಡವೆಯಿಲ್ಲ, ಬಣ್ಣವಿಲ್ಲ. ಅದು ಒಳ್ಳೆಯತನದ ಬಿಂಬ. ಅದರ ಕಣ್ಣಲ್ಲಿ ಕರುಣೆಯಿತ್ತು, ಚಾಚಿದ ಕೈಯಲ್ಲಿ ಒಂದು ಬಟ್ಟಲಿತ್ತು. ಚೌಕದಲ್ಲಿ ಅದರ ಮುಂದೆ ನಿಂತವರೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಅಕ್ಕನನ್ನ ಎಷ್ಟು ಚೆನ್ನಾಗಿ ನೋಡ್ಕೊಳ್ತಾಳೆ! ಹೊಟ್ಟೆಯಲ್ಲಿ ಹುಟ್ಟಿದವರೂ ಹೀಗೆ ನೋಡೋದಿಲ್ಲ." ದಿನಕ್ಕೆ ಹತ್ತು ಜನ, ಏಳು ವರ್ಷ. ಬಿಂಬ ಅವಳಿಗಿಂತ ಒಂದು ಮೊಳ ಎತ್ತರವಾಗಿತ್ತು.

ಅದನ್ನು ಹೊತ್ತು ಮನೆ ಸೇರುವಷ್ಟರಲ್ಲಿ ಎಸ್ತೇರಿಯ ಕಣ್ಣು ಕತ್ತಲೆಗಟ್ಟುತ್ತಿತ್ತು.

"ಎಸ್ತೇರಿ," ಒಳಗಿನಿಂದ ಅಕ್ಕ ಕರೆಯುತ್ತಿದ್ದಳು. "ಬೆನ್ನು ಉರೀತಿದೆ ಕಣೆ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸ್ತೀಯಾ?"

"ಬಂದೆ ಅಕ್ಕ. ಇದನ್ನೊಂದು ಒರೆಸಿಟ್ಟು ಬಂದೆ."

ಒರೆಸುತ್ತ ಒರೆಸುತ್ತ ಎಸ್ತೇರಿ ಬಿಂಬದ ಕಾಲ ಬಳಿ ಒರಗಿಬಿಡುತ್ತಿದ್ದಳು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಕ್ಕ ಹಿಂದಿನ ಸಂಜೆ ಇದ್ದ ಹಾಗೆಯೇ ಮಲಗಿದ್ದಳು. ಚಾಪೆ ಒದ್ದೆಯಾಗಿತ್ತು. ಬೆನ್ನಿನ ಹುಣ್ಣು ಒಡೆದು ಚಾಪೆಯ ಎಳೆಗಳು ಚರ್ಮಕ್ಕೆ ಅಂಟಿಕೊಂಡಿದ್ದವು. ಅದು ಎಸ್ತೇರಿಯೇ ಹೆಣೆದ ಚಾಪೆ. ಒಂದೊಂದೇ ಎಳೆ ಬಿಡಿಸುವಾಗ ಅಕ್ಕ ತುಟಿ ಕಚ್ಚಿಕೊಂಡಿದ್ದಳು, ಬೈಯಲಿಲ್ಲ.

"ನನ್ನನ್ನ ಯಾಕಕ್ಕ ಕೂಗಿ ಎಬ್ಬಿಸಲಿಲ್ಲ?"

"ಕೂಗಿದೆ. ನಿನಗೆ ಸುಸ್ತು."

ಹೊರಗೆ ಗಂಟೆ ಕೇಳಿಸಿತು. ಎಸ್ತೇರಿ ಕೈ ತೊಳೆದಳು, ಹಗ್ಗ ತೆಗೆದುಕೊಂಡಳು, ಬಿಂಬವನ್ನು ಬೆನ್ನಿಗೆ ಕಟ್ಟಿಕೊಂಡಳು. ಅಂದು ಚೌಕದಲ್ಲಿ ಹಾಲಿನವಳು ಬಿಂಬಕ್ಕೆ ಹೇಳಿದಳು: "ನಿನ್ನಂಥ ತಂಗಿ ಇದ್ದರೆ ಯಾರಿಗೇನು ಕೊರತೆ ತಾಯಿ." ಬಿಂಬ ಒಂದು ಕಾಳಿನಷ್ಟು ಬೆಳೆಯಿತು. ಕಲ್ಲಿನ ಹಿಂದೆ ಎಸ್ತೇರಿ ತನ್ನ ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಚಾಪೆಯ ಎಳೆಯೊಂದನ್ನು ನೋಡುತ್ತ ಕೂತಿದ್ದಳು.

ಕೆಲವು ದಿನಗಳ ಮೇಲೆ ಅಕ್ಕ ಒಂದು ಮಾತು ಕೇಳಿದಳು. "ನಾಳಿದ್ದು ರೊಟ್ಟಿ ಮುರಿಯೋ ದಿನ ಅಲ್ವಾ? ನನ್ನನ್ನೂ ಹೊತ್ಕೊಂಡು ಹೋಗ್ತೀಯಾ? ಕರ್ತನ ಮೇಜಿಗೆ ಹೋಗಿ ಏಳು ವರ್ಷ ಆಯ್ತು."

"ಹೇಗಕ್ಕ? ಬೆನ್ನಿರೋದು ಒಂದೇ."

"ಹೌದಲ್ಲ," ಎಂದಳು ಅಕ್ಕ, ಮರೆತೇಹೋಗಿದ್ದವಳ ಹಾಗೆ. ಅವಳಿಗೂ ಒಂದು ಕಾಲದಲ್ಲಿ ಬಿಂಬವಿತ್ತು.

"ನಿಂದು ಹೇಗೆ ಹೋಯ್ತಕ್ಕ?" ಎಸ್ತೇರಿ ಕೇಳಿದಳು. ಏಳು ವರ್ಷಗಳಲ್ಲಿ ಮೊದಲ ಸಲ ಕೇಳಿದ್ದು.

"ಗೊತ್ತಿಲ್ಲ ಕಣೆ. ನೋವು ಜಾಸ್ತಿ ಇತ್ತು. ಯಾವಾಗ್ಲೂ ದೇವರನ್ನೇ ಕೂಗ್ತಿದ್ದೆ. ಅದರ ಕಡೆ ನೋಡೋಕೆ ಪುರುಸೊತ್ತಾಗ್ಲಿಲ್ಲ. ಒಂದಿನ ನೋಡಿದ್ರೆ ಮೂಲೆಯಲ್ಲಿ ಇರಲಿಲ್ಲ."

ಆ ದಿನ ಬಂತು. ಗಂಟೆಯವನು ಬೀದಿಯಲ್ಲಿ ಗಂಟೆ ಬಾರಿಸಿಕೊಂಡು ಬಂದ. ಅವನು ತನ್ನ ಬಿಂಬವನ್ನು ಎದೆಗೆ ಕಟ್ಟಿಕೊಂಡಿರುತ್ತಿದ್ದ. ಬೆನ್ನಿನ ಮೇಲೆ ಗಂಟೆ ಇತ್ತು. ಎಸ್ತೇರಿಯ ಬಾಗಿಲ ಮುಂದೆ ಅವನು ನಿಂತ. ಒಳಗೆ ಅವಳು ಬಿಂಬದ ಮುಂದೆ ಹಗ್ಗ ಹಿಡಿದು ನಿಂತಿದ್ದಳು. ಬಹಳ ಹೊತ್ತು ನಿಂತಿದ್ದಳು. ಆಮೇಲೆ ಒಳಕೋಣೆಗೆ ಹೋಗಿ, ಅಕ್ಕನ ತೋಳುಗಳನ್ನು ತನ್ನ ಕೊರಳಿಗೆ ಹಾಕಿಕೊಂಡು, ಅದೇ ಹಗ್ಗದಿಂದ ಅವಳನ್ನು ಬೆನ್ನಿಗೆ ಕಟ್ಟಿಕೊಂಡಳು.

"ಚಾಪೆಯವಳೇ," ಗಂಟೆಯವನು ಗಾಬರಿಯಿಂದ ಕೂಗಿದ, "ಬಿಂಬ ಒಳಗೇ ಉಳೀತಲ್ಲ! ಹೊಸ್ತಿಲು ದಾಟಬೇಡ. ದಾಟಿದ್ರೆ ನನಗೂ ನೀನು ಕಾಣೋದಿಲ್ಲ."

"ಗೊತ್ತು," ಎಂದಳು ಎಸ್ತೇರಿ. ದಾಟಿದಳು. ಗಂಟೆಯವನ ಕಣ್ಣು ಅವಳ ಮೇಲಿಂದ ಜಾರಿ ಖಾಲಿ ಬೀದಿಯನ್ನು ಹುಡುಕಿತು. "ಎಲ್ಲಿ ಹೋದಳು?" ಎಂದು ಅವನು ತನಗೆ ತಾನೇ ಹೇಳಿಕೊಂಡ.

ಅಕ್ಕ ಹಗುರವಾಗೇನೂ ಇರಲಿಲ್ಲ. ಮೈ ಬೆವರಿತ್ತು, ಹುಣ್ಣಿನ ವಾಸನೆಯಿತ್ತು. ಆದರೆ ಕಲ್ಲು ಉಸಿರಾಡುವುದಿಲ್ಲ, ಅಕ್ಕ ಉಸಿರಾಡುತ್ತಿದ್ದಳು. ಅವಳ ಉಸಿರು ಎಸ್ತೇರಿಯ ಕತ್ತಿಗೆ ಬೆಚ್ಚಗೆ ತಾಕುತ್ತಿತ್ತು. ಎದುರಿಗೆ ಬಂದವರು ಯಾರೂ ಕೈಮುಗಿಯಲಿಲ್ಲ. ಒಬ್ಬನಂತೂ ಡಿಕ್ಕಿ ಹೊಡೆದು, ಗಾಳಿಗೆ ತಾಕಿದವನ ಹಾಗೆ ಮೈ ಕೊಡವಿಕೊಂಡು ಹೋದ. ಮೂವತ್ತೈದು ವರ್ಷ ದಿನಾ ಕಂಡ ಬೀದಿಯಲ್ಲಿ ಯಾರಿಗೂ ಕಾಣದೆ ನಡೆಯುವುದು ಇಷ್ಟು ಕಷ್ಟವೆಂದು ಎಸ್ತೇರಿಗೆ ಗೊತ್ತಿರಲಿಲ್ಲ. ಅವಳಿಗೆ ಅಳು ಬಂತು. ಅತ್ತಳು. ಅದನ್ನೂ ಯಾರೂ ಕಾಣಲಿಲ್ಲ.

ಪ್ರಾರ್ಥನಾಮನೆಯಲ್ಲಿ ಬಿಂಬಗಳ ಸಾಲಿನ ನಡುವೆ ಒಂದು ಜಾಗ ಖಾಲಿಯಿತ್ತು; ಎಸ್ತೇರಿಯ ಬಿಂಬ ಕೂರುತ್ತಿದ್ದ ಜಾಗ. ಅಲ್ಲಿ ಅಕ್ಕನನ್ನು ಕೂರಿಸಿ, ಬೀಳದ ಹಾಗೆ ಹಿಂದಿನಿಂದ ಹಿಡಿದುಕೊಂಡಳು. ಬೋಧಕ ರೊಟ್ಟಿಯ ತಟ್ಟೆ ಹಿಡಿದು, ತಲೆ ತಗ್ಗಿಸಿಕೊಂಡು ಸಾಲಿನಲ್ಲಿ ಬಂದ. ಕಲ್ಲಿನ ತುಟಿಗೆ ತುಂಡು. ಕಲ್ಲಿನ ತುಟಿಗೆ ತುಂಡು. ಕಲ್ಲಿನ ತುಟಿಗೆ ತುಂಡು. ಆಮೇಲೆ ಅವನ ಬೆರಳಿಗೆ ಒಂದು ಉಸಿರು ತಾಕಿತು. ತುಟಿಗಳು ತೆರೆದವು. ತುಂಡನ್ನು ತೆಗೆದುಕೊಂಡವು.

ಬೋಧಕ ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ. "ಯಾರು?" ಅವನು ಪಿಸುಗುಟ್ಟಿದ.

"ಸಲೋಮಿ," ಎಂದಳು ಅಕ್ಕ, ರೊಟ್ಟಿ ಅಗಿಯುತ್ತ. "ಚಾಪೆಯವಳ ಅಕ್ಕ. ತುಂಬಾ ದಿನ ಆಯ್ತು ಬೋಧಕರೇ. ಇನ್ನೊಂದು ಚೂರು ಇದೆಯಾ?"

ಅವನು ಇನ್ನೊಂದು ಚೂರು ಕೊಟ್ಟ. ಕೊಡಬಾರದಿತ್ತು, ಕೊಟ್ಟ. ಆಮೇಲೆ ಸದ್ದಾಗದ ಹಾಗೆ ಬಾಗಿ ಎಸ್ತೇರಿ ಇರಬಹುದಾದ ದಿಕ್ಕಿಗೆ ಹೇಳಿದ: "ಮುಂದಿನ ವಾರ ಬಿಂಬ ತಂದುಬಿಡಮ್ಮ. ನನ್ನ ಕೈಲಿ ಇದನ್ನೆಲ್ಲ ತಡ್ಕೊಳ್ಳೋಕೆ ಆಗಲ್ಲ. ನನಗೂ ಸಾಕಾಗಿದೆ." ಅವನ ದನಿಯಲ್ಲಿ ಕೋಪವಿರಲಿಲ್ಲ, ಬರೀ ಆಯಾಸವಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮರುದಿನವೂ ಬೆಳಗಾಯಿತು.

ಎಸ್ತೇರಿ ಬಿಂಬವನ್ನು ಹಿತ್ತಲಿಗೆ ಎಳೆದು ಹಾಕಿದ್ದಳು. ಬೆಳಿಗ್ಗೆ ಬಾಗಿಲು ತೆಗೆದರೆ ಅದು ಹೊಸ್ತಿಲ ಮೇಲೆ ನಿಂತಿತ್ತು, ತೊಳೆದು ಎಣ್ಣೆ ಹಚ್ಚಿದ ಹಾಗೆ. ಬತ್ತಿದ ಹೊಳೆಗೆ ಉರುಳಿಸಿ ಬಂದಳು. ಮರುದಿನ ಬೆಳಿಗ್ಗೆ ಹೊಸ್ತಿಲ ಮೇಲೆ ನಿಂತಿತ್ತು. ಅದು ಏನನ್ನೂ ಹೇಳುತ್ತಿರಲಿಲ್ಲ. ಅವಳ ಬೆನ್ನೇ ತಾನಾಗಿ ಅದರ ಕಡೆ ಬಾಗುತ್ತಿತ್ತು, ಹಟ್ಟಿಯ ಕಡೆ ತಿರುಗುವ ದನದ ಹಾಗೆ.

ಚಾಪೆಗಳು ಮಾರಾಟವಾಗಲಿಲ್ಲ, ಕಾಣದವಳ ಚಾಪೆ ಯಾರು ಕೊಳ್ಳುತ್ತಾರೆ? ಒಲೆ ಹಚ್ಚದ ದಿನಗಳು ಬಂದವು. ಅಕ್ಕನ ಹುಣ್ಣು ಮಾತ್ರ ಒಣಗುತ್ತ ಬಂದಿತ್ತು, ದಿನಕ್ಕೆ ನಾಲ್ಕು ಸಲ ಮಗ್ಗುಲು ಬದಲಿಸಲು ಈಗ ಕೈ ಇತ್ತು. ಆದರೂ ನಲವತ್ತನೆಯ ದಿನ ಎಸ್ತೇರಿ ಸೋತಳು. ಹಸಿವಿಗಲ್ಲ. "ಚಾಪೆಯವಳು ಎಂಥ ಒಳ್ಳೆಯವಳಾಗಿದ್ದಳು" ಎಂದು ಬೀದಿಯಲ್ಲಿ ಯಾರೋ ಹೇಳಿದ್ದು ಕಿವಿಗೆ ಬಿದ್ದು ಸೋತಳು. "ಆಗಿದ್ದಳು" ಎಂಬ ಮಾತನ್ನು ಅವಳಿಂದ ತಾಳಲಾಗಲಿಲ್ಲ. ಹಗ್ಗ ತೆಗೆದುಕೊಂಡು ಬಿಂಬವನ್ನು ಕಟ್ಟಿಕೊಂಡು ಚೌಕಕ್ಕೆ ಹೋದಳು.

ಚೌಕವೆಲ್ಲ ಅವಳ ಬಿಂಬವನ್ನು ಸುತ್ತುವರಿಯಿತು. "ಬಂದಳು! ಬಂದಳು!" ಕೈಮುಗಿದವರೆಷ್ಟು, ಕಣ್ಣೊರೆಸಿಕೊಂಡವರೆಷ್ಟು. ಸಂಜೆ ಹಿಂದಿರುಗುವಾಗ ಬಿಂಬ ಎರಡು ಪಟ್ಟು ಭಾರವಾಗಿತ್ತು. ಮನೆಯಲ್ಲಿ ಅಕ್ಕ ಚಾಪೆಯಿಂದ ಉರುಳಿ, ನೀರಿನ ಬಿಂದಿಗೆಯ ಕಡೆ ತೆವಳಲು ಹೋಗಿ, ಅರ್ಧದಲ್ಲಿ ಬಿದ್ದಿದ್ದಳು. ತುಟಿ ಒಣಗಿ ಸೀಳಿತ್ತು.

ಎಸ್ತೇರಿ ಬಿಂಬವನ್ನು ಒರೆಸಲಿಲ್ಲ. ಅಕ್ಕನಿಗೆ ನೀರು ಕುಡಿಸಿ, ಅವಳ ಪಕ್ಕ ನೆಲದ ಮೇಲೆ ಕೂತಳು. "ನನ್ನ ಕೈಲಿ ಆಗ್ತಿಲ್ಲ ಅಕ್ಕ. ಹೊರೋಕೂ ಆಗಲ್ಲ, ಬಿಡೋಕೂ ಆಗಲ್ಲ."

"ನನಗೆ ಹೇಳ್ತಿದ್ದೀಯಾ, ದೇವರಿಗೆ ಹೇಳ್ತಿದ್ದೀಯಾ?"

"ಇಬ್ಬರಿಗೂ."

"ಸರಿ ಹಾಗಾದ್ರೆ. ಅದೇ ಪ್ರಾರ್ಥನೆ," ಎಂದಳು ಅಕ್ಕ. "ಇವತ್ತಿಗೆ ಸಾಕು. ಮಲಗು."

ಬೆಳಿಗ್ಗೆ ಎಸ್ತೇರಿಗೆ ಸಿಟ್ಟು ಬಂತು. ಒನಕೆ ತೆಗೆದುಕೊಂಡು ಬಿಂಬಕ್ಕೆ ಬಡಿದಳು. ಕರುಣೆಯ ಕಣ್ಣು ಒಡೆಯಿತು, ಬಟ್ಟಲಿನ ಕೈ ಮುರಿಯಿತು. ಪುಡಿಯಾಗುವವರೆಗೂ ಬಡಿದಳು. ಆ ಸದ್ದು ಕೇಳಿ ಹಾಲಿನವಳು ಗೋಡೆಯಾಚೆ ನಿಂತಳು. ಅವಳು ಒಂದು ತಂಬಿಗೆ ಹಾಲನ್ನು ಗೋಡೆಯ ಮೇಲಿಟ್ಟು, ಗೋಡೆಗೆ ಹೇಳುವವಳ ಹಾಗೆ ಹೇಳಿದಳು: "ಒಳಗೆ ಯಾರಿದ್ದಾರೋ ನನಗೆ ಕಾಣೋದಿಲ್ಲ. ಆದರೆ ಬಿಂಬಾನೇ ಒಡೆದವಳು ಅಂದ್ರೆ ಎಷ್ಟು ದೊಡ್ಡವಳಿರಬೇಕು! ಈ ಊರಲ್ಲಿ ಅಂಥ ಧೈರ್ಯ ಯಾರಿಗಿದೆ?"

ಎಸ್ತೇರಿಯ ಮೈ ಬಿಸಿಯಾಯಿತು. ಹೌದಲ್ಲ, ಯಾರಿಗಿದೆ?

ಮರುದಿನ ಹೊಸ್ತಿಲ ಮೇಲೆ ಹೊಸ ಬಿಂಬ ನಿಂತಿತ್ತು. ಗೇಣುದ್ದದ್ದು. ಮುಖ ಅವಳದೇ. ಬಟ್ಟಲಿನ ಬದಲು ಕೈಯಲ್ಲಿ ಒನಕೆ ಹಿಡಿದಿತ್ತು.

ಎಸ್ತೇರಿ ಅದನ್ನು ನೋಡಿ ಹೊಸ್ತಿಲಲ್ಲೇ ಕುಸಿದು ಕೂತಳು. ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಅಂದಿನಿಂದ ಅವಳು ಅದನ್ನು ಹೊರಲೂ ಇಲ್ಲ, ಒಡೆಯಲೂ ಇಲ್ಲ. ಬೆಳಿಗ್ಗೆ ಎದ್ದಾಗ "ಕರ್ತನೇ, ಇವತ್ತೊಂದು ದಿನ" ಎನ್ನುತ್ತಿದ್ದಳು. ಬಾಗಿಲು ತೆಗೆಯುತ್ತಿದ್ದಳು. ಅದನ್ನು ದಾಟಿ ನೀರಿಗೆ ಹೋಗುತ್ತಿದ್ದಳು, ದಾಟಿ ಒಳಗೆ ಬರುತ್ತಿದ್ದಳು. ಕೆಲವು ದಿನ ಸುಲಭವಾಗಿ ದಾಟುತ್ತಿದ್ದಳು. ಕೆಲವು ದಿನ ಒಂದು ಕಾಲು ಎತ್ತಿ ಬಹಳ ಹೊತ್ತು ನಿಂತಿರುತ್ತಿದ್ದಳು. ಹಾಲಿನವಳು ಗೋಡೆಯ ಮೇಲೆ ಹಾಲಿಡುತ್ತಲೇ ಇದ್ದಳು; ಅದರಿಂದ ಇಬ್ಬರೂ ಬದುಕಿದರು. ಹೀಗೆ ಮೂರು ವರ್ಷ.

ಮೂರನೆಯ ವರ್ಷದ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ಅಕ್ಕ ಎಸ್ತೇರಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳು ಹಾಗೆಯೇ ತೀರಿಕೊಂಡಳು. ಕೊನೆಗೆ ಅವಳು ಹೇಳಿದ ಮಾತು, "ನಿನ್ನ ಕಾಲು ಜೋಮು ಹಿಡಿದಿರಬೇಕು, ಎತ್ತಿ ಇಡು" ಎಂದು.

ಹೂಳುವ ನೆಲ ಹೊಳೆಯಾಚೆ. ಹೆಣ ಹೊರಲು ನಾಲ್ಕು ಹೆಗಲು ಬೇಕು. ಎಸ್ತೇರಿ ಚೌಕಕ್ಕೆ ಹೋದಳು. "ನನ್ನ ಅಕ್ಕ ತೀರಿಕೊಂಡಿದ್ದಾಳೆ, ಯಾರಾದರೂ ಬನ್ನಿ" ಎಂದು ಬಿಂಬಗಳ ನಡುವೆ ಕೂಗಿದಳು. ಯಾರೂ ತಿರುಗಲಿಲ್ಲ. ಗಂಟೆಯವನ ತೋಳು ಹಿಡಿದು ಜಗ್ಗಿದಳು. ಅವನು ತೋಳು ಉಜ್ಜಿಕೊಂಡ. ಪ್ರಾರ್ಥನಾಮನೆಗೆ ಹೋದಳು. ಬೋಧಕ ಒಬ್ಬನೇ ಇದ್ದ, ಏಣಿ ಹಾಕಿಕೊಂಡು ತನ್ನ ಬಿಂಬದ ಹಣೆ ಒರೆಸುತ್ತಿದ್ದ.

"ಸಲೋಮಿ ತೀರಿಕೊಂಡಳು," ಎಂದಳು.

ಬಟ್ಟೆ ಹಿಡಿದ ಕೈ ನಿಂತಿತು. ಅವನಿಗೆ ಅವಳು ಕಾಣಲಿಲ್ಲ, ಆದರೆ ಆ ಹೆಸರು ಕೇಳಿಸಿತು. ಅವನು ತನ್ನ ಬಲಗೈಯ ಬೆರಳನ್ನು ಮತ್ತೊಂದು ಕೈಯಿಂದ ಹಿಡಿದುಕೊಂಡ. ಆಮೇಲೆ ಹೇಳಿದ, "ನನ್ನ ಹೆಗಲು ಖಾಲಿಯಿಲ್ಲವಲ್ಲಮ್ಮ."

ಎಸ್ತೇರಿ ಮನೆಗೆ ಬಂದಳು. ಅಕ್ಕನಿಗೆ ಸ್ನಾನ ಮಾಡಿಸಿದಳು, ತಲೆ ಬಾಚಿದಳು. ಮನೆಯಲ್ಲಿದ್ದ ಒಳ್ಳೆಯ ಚಾಪೆಯಲ್ಲಿ ಸುತ್ತಿದಳು. ಎರಡು ಗಳುಗಳನ್ನು ತಂದು ಚಟ್ಟ ಕಟ್ಟಿದಳು. ಒಬ್ಬಳೇ ಎಳೆದುಕೊಂಡಾದರೂ ಹೋಗುವುದೆಂದು ಹಗ್ಗವನ್ನು ಸೊಂಟಕ್ಕೆ ಬಿಗಿಯುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಒಬ್ಬ ಮುದುಕ ನಿಂತಿದ್ದ. ಸಣ್ಣ ಮುಖ, ಸಿಡುಬಿನ ಕಲೆ, ಅಂಜಿದ ಕಣ್ಣು. ಬೆನ್ನು ಕುಡುಗೋಲಿನ ಹಾಗೆ ಬಾಗಿತ್ತು, ಬೆನ್ನ ಮೇಲೆ ಏನೂ ಇರಲಿಲ್ಲ. ಅವನು ನೇರವಾಗಿ ಅವಳನ್ನೇ ನೋಡುತ್ತಿದ್ದ.

"ಯಾರು ನೀವು?"

"ಬೋಧಕ," ಎಂದ ಅವನು.

"ನಿಮ್ಮ ಮುಖ ಹೀಗಿದೆಯಾ?"

"ಹೀಗೇ ಅನ್ಸುತ್ತೆ. ನಾನೂ ನೋಡ್ಕೊಂಡು ಬಹಳ ದಿನ ಆಯ್ತು." ಅವನು ಹಿಂದೆ ತಿರುಗಿ, "ನಾನೊಬ್ಬನೇ ಅಲ್ಲ, ಸಲೋಮಿ ಹೋದಳು ಅಂತ ಇವರಿಗೂ ಹೇಳಿದೆ," ಎಂದ. ಅವನ ಹಿಂದೆ ಹಾಲಿನವಳು ನಿಂತಿದ್ದಳು, ಬರಿಬೆನ್ನಿನಲ್ಲಿ, ಮುಖ ಮುಚ್ಚಿಕೊಳ್ಳಲು ಸೆರಗು ಹುಡುಕುತ್ತ. ಅವಳ ಹಿಂದೆ ಗಂಟೆಯವನು, ಎದೆಯ ಹಗ್ಗ ಬಿಚ್ಚಿ. "ತೋಳು ಹಿಡಿದು ಜಗ್ಗಿದ್ದು ನೀನೇನಾ?" ಎಂದು ಅವನು ಕೇಳಿದ. "ಬೆಳಗಿಂದ ಅಲ್ಲೇ ಬಿಸಿಯಾಗಿದೆ."

ನಾಲ್ವರೂ ಹೆಗಲು ಕೊಟ್ಟರು. ಕಲ್ಲಿಗೆ ಒಗ್ಗಿದ ಹೆಗಲುಗಳು. ಹೆಣದ ಭಾರ ಅವಕ್ಕೆ ಹೊಸದು, ದಾರಿಯಲ್ಲಿ ತಡವರಿಸಿದವು. ಚೌಕದ ನಡುವೆಯೇ ಹಾದುಹೋದರು. ಯಾರೂ ನೋಡಲಿಲ್ಲ. ಆದರೂ ಚಟ್ಟ ಬಂದ ಕಡೆ ಜನ ಯಾಕೆಂದು ತಿಳಿಯದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೊಳೆಯ ಮರಳಿನಲ್ಲಿ ಕಾಲು ಹೂತಿತು. ಆಚೆ ದಡದಲ್ಲಿ ಗುಂಡಿ ತೋಡಿದರು. ಬೋಧಕ ಪ್ರಾರ್ಥನೆ ಮಾಡಲು ಬಾಯಿ ತೆರೆದ. ಉಪದೇಶದ ಮಾತುಗಳು ಒಂದೂ ಬರಲಿಲ್ಲ. "ಕರ್ತನೇ, ಸಲೋಮಿ ಬರ್ತಿದ್ದಾಳೆ," ಎಂದ. "ಅವಳಿಗೆ ಹಸಿವಿದೆ." ಅಷ್ಟೇ ಹೇಳಿ ಮಣ್ಣು ಹಾಕಿದ.

ಮುಗಿದ ಮೇಲೆ ನಾಲ್ವರೂ ಅಲ್ಲಿಯೇ ಕೂತರು. ಬಿಸಿಲು ಇಳಿಯುತ್ತಿತ್ತು.

"ನನ್ನ ಬಿಂಬವನ್ನ ಪ್ರಾರ್ಥನಾಮನೆಯಲ್ಲೇ ಬಿಟ್ಟು ಬಂದೆ," ಎಂದ ಬೋಧಕ. "ನಾಳೆ ಬೆಳಿಗ್ಗೆ ಹೊಸ್ತಿಲ ಮೇಲೆ ಇರುತ್ತಾ?"

"ಇರುತ್ತೆ," ಎಂದಳು ಎಸ್ತೇರಿ.

"ನಾಳಿದ್ದು?"

"ನಾಳಿದ್ದೂ."

"ಒಡೆದರೆ?"

"ಬೇಡಿ. ಇನ್ನೊಂದು ಬರುತ್ತೆ."

ಹಾಲಿನವಳು ಅಳತೊಡಗಿದಳು. "ಹಾಗಾದ್ರೆ ಯಾವತ್ತಿಗೆ ಮುಗಿಯೋದು?"

"ನನಗೆ ಗೊತ್ತಿಲ್ಲಮ್ಮ," ಎಂದಳು ಎಸ್ತೇರಿ. "ನನಗಿನ್ನೂ ಮುಗಿದಿಲ್ಲ. ಇವತ್ತು ಬೆಳಿಗ್ಗೆ ಹೆಣ ಒಳಗಿಟ್ಟುಕೊಂಡೂ ಒಂದು ಸಲ ಆ ಬಿಂಬದ ಮುಖ ನೋಡಿದೆ. ಅಕ್ಕನನ್ನ ಕೊನೇವರೆಗೂ ನೋಡ್ಕೊಂಡವಳು ಅಂತ ಯಾರಾದ್ರೂ ಅಂದಾರಾ ಅಂತ."

ಗಂಟೆಯವನು ಮಣ್ಣಿನ ಕೈಯಿಂದ ಕಣ್ಣೊರೆಸಿಕೊಂಡ. ಹೊರಡುವ ಹೊತ್ತಾಯಿತು. ಮೂವರೂ ಎದ್ದರು. ಎಸ್ತೇರಿ ಏಳಲು ಹೋದಳು, ಕಾಲು ಏಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಹತ್ತು ವರ್ಷಗಳ ಆಯಾಸವೆಲ್ಲ ಒಟ್ಟಿಗೆ ಬಂದು ಅವಳ ಮಂಡಿಯಲ್ಲಿ ಕೂತಿತ್ತು.

"ನೀವು ಹೋಗಿ," ಎಂದಳು. "ಸ್ವಲ್ಪ ಸುಧಾರಿಸ್ಕೊಂಡು ಬರ್ತೀನಿ."

"ಹೊತ್ಕೊಂಡು ಹೋಗ್ತೀವಿ," ಎಂದ ಬೋಧಕ.

"ಬೇಡ ಬೇಡ. ನನ್ನನ್ನ ಯಾವತ್ತೂ ಯಾರೂ ಹೊತ್ತಿಲ್ಲ. ನಾನು ಹೊರೋಳು."

"ಹೊತ್ತವನು ಒಬ್ಬನಿದ್ದಾನಮ್ಮ, ನಮ್ಮ ಕರ್ತ," ಎಂದ ಮುದುಕ. "ಇಪ್ಪತ್ತು ವರ್ಷ ಕಲ್ಲಿನ ಹಿಂದೆ ನಿಂತು ಅದನ್ನೇ ಹೇಳ್ತಿದ್ದೆ, ಅರ್ಥ ಆಗಿರಲಿಲ್ಲ. ಸುಮ್ನೆ ಮಲಗು."

ಖಾಲಿ ಚಟ್ಟವನ್ನು ಅವಳ ಪಕ್ಕ ಇಟ್ಟರು. ನಾಚಿಕೆಯಿಂದ ಅವಳ ಕಿವಿ ಕೆಂಪಾಗಿತ್ತು. ಆಮೇಲೆ ಅದರ ಮೇಲೆ ಮಗ್ಗುಲಾದಳು. ಹಿಂದೆ ಇಬ್ಬರು ಗಂಡಸರು, ಮುಂದೆ ಒಬ್ಬ ಹೆಂಗಸು, ಎಲ್ಲರ ಬೆನ್ನೂ ಬಾಗಿದ್ದೇ. ಗಳುಗಳು ಓರೆಯಾಗಿ ಮೇಲೆದ್ದವು. ಹೊಳೆಯ ನಡುವೆ ಒಮ್ಮೆ ಗಂಟೆಯವನ ಕಾಲು ಜಾರಿ ಎಲ್ಲರೂ ಬೀಳುವುದರಲ್ಲಿದ್ದರು. "ನಿದ್ದೆ ಬಂತೇನೋ," ಎಂದ ಬೋಧಕ, ಏದುಸಿರು ಬಿಡುತ್ತ. ಹಾಲಿನವಳು ತಿರುಗಿ ನೋಡಿದಳು.

ಎಸ್ತೇರಿ ಬಾಯಿ ಸ್ವಲ್ಪ ತೆರೆದುಕೊಂಡು, ಒಂದು ಕೈ ಚಟ್ಟದ ಅಂಚಿನಿಂದ ಜೋತಾಡುತ್ತ, ಗೊರಕೆ ಹೊಡೆಯುತ್ತಿದ್ದಳು. ಅವರು ಹೆಗಲು ಬದಲಿಸಿಕೊಂಡು, ಅವಳಿಗೆ ಎಚ್ಚರವಾಗದ ಹಾಗೆ ನಿಧಾನವಾಗಿ ನಡೆದರು.